ಎಕ್ಕದ ಎಲೆಯಲ್ಲೊಂದು ತೂತು

ನನಗೊಂದು ಚಟವಿದೆ. ಯಾವ ಕಾಗದ ಕೈಗೆ ಸಿಕ್ಕರೂ ಮೊದಲು ಮಗುಚಿ ಹಿಂಬದಿ ನೋಡುತ್ತೇನೆ. ಮುಂದೆ ಏನು ಬರೆದಿದೆ ಅನ್ನುವುದೆಲ್ಲ ಆಮೇಲೆ. ಹಿಂದೆ ಖಾಲಿ ಇದೆಯಾ, ಕಾಗದ ಒರಟಾ ನಯವಾ, ಪೆನ್ಸಿಲ್ ಕೂರುತ್ತದಾ ಜಾರುತ್ತದಾ, ಇಷ್ಟು ಗೊತ್ತಾದರೇ ನನಗೆ ಸಮಾಧಾನ. ಮೊನ್ನೆ ಚಳ್ಳಕೆರೆಯಲ್ಲಿ ನಾನು ಕೆಲಸ ಮಾಡುವ ಬಿತ್ತನೆ ಬೀಜದ ಅಂಗಡಿಗೆ ದೂರದ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದಿದ್ದರು. ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನೂ ಎರಡೂ ಕೈಯಲ್ಲೇ ತೆಗೆದುಕೊಂಡೆ. ತೆಗೆದುಕೊಂಡವನೇ ಮಗುಚಿ, ಹೆಬ್ಬೆರಳಿನಿಂದ ಸವರಿ, "ಭಾಳ ಒಳ್ಳೇ ಕಾಗದ ಕಣ್ರಿ" ಅಂದುಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿ, "ಹುಡುಗನ ಹೆಸರು ಆ ಕಡೆ ಐತಪ್ಪಾ" ಅಂದರು.

ಇದು ನನಗೆ ಹುಟ್ಟಿನಿಂದ ಬಂದದ್ದಲ್ಲ, ಅಕ್ಕನಿಂದ ಬಂದದ್ದು. ನನ್ನಕ್ಕ ರತ್ನ. ನಾವು ಪರಶುರಾಂಪುರದ ಕಡೆಯವರು. ಈಗ ಹೊಲದ ಜನವಾದರೂ ತಾತನ ಕಾಲಕ್ಕೆ ನಮ್ಮ ಮನೆಯಲ್ಲೂ ಮಗ್ಗ ಇತ್ತಂತೆ. ಅಕ್ಕನಿಗೆ ಚಿತ್ರ ಬರೆಯುವ ಹುಚ್ಚು. ಚಿತ್ರಕ್ಕೆ ಅಂತ ಕಾಗದ ಕೊಳ್ಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಇದ್ದದ್ದು ಗೋಡೆಯ ಕ್ಯಾಲೆಂಡರು. ತಿಂಗಳು ಮುಗಿದ ಹಾಳೆಯ ಹಿಂಬದಿ ಅಕ್ಕನದು. ಆದರೆ ಅವ್ವನಿಗೂ ಅದೇ ಹಾಳೆ ಬೇಕು, ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸುವುದಕ್ಕೆ. ತಿಂಗಳ ಕೊನೇ ದಿನ ಬಂತೆಂದರೆ ಇಬ್ಬರೂ ಗೋಡೆಯ ಹತ್ತಿರ ಸುಮ್ಮಸುಮ್ಮನೆ ಓಡಾಡುವರು.

"ಇನ್ನೂ ತಿಂಗ್ಳು ಮುಗುದಿಲ್ಲ ಕಣೇ, ಹರೀಬ್ಯಾಡ" ಅಂತ ಅವ್ವ.

"ಹುಣ್ಣಿಮೆ ಅಮಾಸೆ ಎಲ್ಡೂ ಮುಗುದ್ವಲ್ಲವ್ವ, ಇನ್ನೇನು ಐತೆ ಇದ್ರಾಗೆ?" ಅಂತ ಅಕ್ಕ.

ಹೀಗೆ ಗೆದ್ದ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಭಾನುವಾರ ನಾವಿಬ್ಬರೂ ಹೊಲದ ಬದುವಿಗೆ ಹೋಗುತ್ತಿದ್ದೆವು. ಅಕ್ಕ ದೇವರನ್ನು ಬರೆಯುತ್ತಿರಲಿಲ್ಲ, ಸಿನಿಮಾದವರನ್ನು ಬರೆಯುತ್ತಿರಲಿಲ್ಲ, ಗುಡ್ಡದ ಮಧ್ಯೆ ಹುಟ್ಟುವ ಸೂರ್ಯನನ್ನಂತೂ ಬರೆದದ್ದೇ ಇಲ್ಲ. ಗಿಡ ಬರೆಯುತ್ತಿದ್ದಳು. ತುಂಬೆ, ನೆಗ್ಗಿಲು, ವಿಷ್ಣುಕ್ರಾಂತಿ, ತಂಗಡಿ. ನಮ್ಮ ಕಡೆ ಗಿಡ ಬರೆಯುವುದರಲ್ಲಿ ಒಂದು ಕಷ್ಟವಿದೆ, ಅದು ಬೇರೆ ಕಡೆಯ ಕಲಾವಿದರಿಗೆ ಇದೆಯೋ ಇಲ್ಲವೋ ಕಾಣೆ. ನೀವು ಹೂವಿನ ಎಸಳು ಮುಗಿಸಿ ಎಲೆಗೆ ಬರುವಷ್ಟರಲ್ಲಿ ಕುರಿಮಂದೆ ಬರುತ್ತದೆ. ಬಂದು ಎದುರಿಗಿದ್ದ ಗಿಡವನ್ನೇ ತಿಂದು ಹೋಗುತ್ತದೆ. ಹಿಂದೆ ಬಂದ ಕುರಿಯವರು ಕೋಲೂರಿ ನಿಂತು, "ಏನವ್ವಾ, ಕಸ ಬರೀತೀಯಾ? ನಮ್ಮ ಟಗರು ಬರಿ, ನಿಂತ್ಕಂತೈತೆ" ಅನ್ನುವರು. ಅಕ್ಕನ ಎಷ್ಟೋ ಚಿತ್ರಗಳು ಬುಡವಿಲ್ಲದೆ, ಎಲೆಯಿಲ್ಲದೆ ಗಾಳಿಯಲ್ಲಿ ನೇತಾಡುತ್ತಿರುವುದಕ್ಕೆ ಕಾರಣ ಕಲೆಯಲ್ಲ, ಕುರಿ.

ಕೊನೆಗೆ ಅಕ್ಕ ಎಕ್ಕದ ಗಿಡಕ್ಕೆ ಬಂದಳು. ಎಕ್ಕಕ್ಕೆ ಕುರಿ ಬಾಯಿ ಹಾಕುವುದಿಲ್ಲ. ಎಲೆ ಮುರಿದರೆ ಸುರಿಯುವ ಹಾಲು ಕಂಡರೆ ಮನುಷ್ಯರಿಗೂ ಭಯ. ನಿಧಾನವಾಗಿ ಕೂತು ಬರೆಯಬಹುದಾದ ಗಿಡ ನಮ್ಮ ಬದುವಿನಲ್ಲಿ ಅದೊಂದೇ. ಗಾಳಿ ಮಾತ್ರ ಬಿಡುತ್ತಿರಲಿಲ್ಲ. ಅದಕ್ಕೇ ನಾನು. ಕೈಗೆ ಟವೆಲ್ ಸುತ್ತಿಕೊಂಡು ಕೊಂಬೆ ಹಿಡಿಯುವುದು ನನ್ನ ಕೆಲಸ.

"ಲೋ ತಿಪ್ಪಾ, ನೀನು ಉಸ್ರು ಬಿಟ್ರೂ ಅಲ್ಲಾಡ್ತೈತೆ ಕಣೋ."

"ಉಸ್ರು ಬಿಡ್ದೆ ಎಂಗೆ ಇರ್ಲಿ ಅಕ್ಕ?"

"ಆ ಕಡಿಕೆ ತಿರುಗ್ಸಿ ಬಿಡು."

ನಾನು ಪರಶುರಾಂಪುರದ ದಿಕ್ಕಿಗೆ ಮುಖ ತಿರುಗಿಸಿ ಉಸಿರು ಬಿಡುತ್ತಿದ್ದೆ. ಕಿವಿಗೆ ಪೆನ್ಸಿಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು, ಇಲಿಮರಿ ಕಾಗದ ಕೆರೆದ ಹಾಗೆ. ಅಷ್ಟು ಹಿತವಾದ ಸದ್ದನ್ನು ನಾನು ಇವತ್ತಿನವರೆಗೂ ಇನ್ನೊಂದು ಕೇಳಿಲ್ಲ. ನಾನೇ ಬರೆಯುವಾಗ ಅದು ಕೇಳಿಸುವುದೇ ಇಲ್ಲ ನೋಡಿ. ಪಕ್ಕದಲ್ಲಿ ಕೂತವರಿಗೇ ಅದು ಮೀಸಲೇನೋ.

ಆ ಎಕ್ಕದ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಬೆಳಕಿಗೆ ಹಿಡಿದರೆ ಹಿಂಬದಿಯ ಅಂಕಿಗಳು ತಿರುಗುಮುರುಗಾಗಿ ಮೂಡುತ್ತವೆ, ಒಂದು ಎಲೆಯ ತುದಿಯಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ. ಕಾಂಡಕ್ಕೆ ಅಕ್ಕ ಒಂದು ಗೆರೆ ಎಳೆದಿದ್ದಾಳೆ, ಸಾಲದು ಅಂತ ಪಕ್ಕದಲ್ಲೇ ಇನ್ನೊಂದು, ಅದೂ ಸಾಲದು ಅಂತ ಮತ್ತೊಂದು. ಯಾವುದನ್ನೂ ಅಳಿಸಿಲ್ಲ. ನೋಡುತ್ತಾ ಕೂತರೆ ಕಾಂಡ ಅಲ್ಲಾಡಿದ ಹಾಗೇ ಅನ್ನಿಸುತ್ತದೆ. ಹೂವಿಗೆ ಬಣ್ಣ ಹಚ್ಚಿಲ್ಲ, ಬಾಣ ಹಾಕಿ ಬರೆದಿದ್ದಾಳೆ: "ಒಗೆದೂ ಒಗೆದೂ ಮಾಸಿದ ನೇರಳೆ, ಅವ್ವನ ಹಳೇ ಸೀರೆ." ಎಲೆಗೆ: "ಬೂದಿ ಬಳಿದಂಗೆ. ಮುಟ್ಟಿದ್ರೆ ಬೆರಳಿಗೆ ಬರುತ್ತೆ." ಇನ್ನೊಂದು ಎಲೆಯಲ್ಲಿ ಒಂದು ತೂತು. ತೂತಿಗೆ ಒಂದು ಸಣ್ಣ ಅಂಚು, ಅದರ ಹೊರಗೆ ಇನ್ನೊಂದು ದೊಡ್ಡ ಅಂಚು. ಪಕ್ಕದಲ್ಲಿ: "ಹುಳ ಇನ್ನೂ ತಿಂತಾ ಐತೆ."

ಅವತ್ತು ಆದದ್ದು ಹೀಗೆ. ಎಕ್ಕದ ಎಲೆಯ ಮೇಲೆ ಪಟ್ಟೆಪಟ್ಟೆ ಹುಳ ಕೂತು ದುಂಡಗೆ ಕತ್ತರಿಸಿಕೊಂಡು ತಿನ್ನುತ್ತಿತ್ತು. ಅಕ್ಕ ತೂತನ್ನು ಬರೆದು ತಲೆಯೆತ್ತಿದಳು. ತೂತು ದೊಡ್ಡದಾಗಿತ್ತು. "ಅಯ್ಯೋ ಇದ್ರ" ಅಂದು ಇನ್ನೊಂದು ಅಂಚು ಬರೆದಳು. ಮತ್ತೆ ನೋಡಿದರೆ ಇನ್ನೂ ದೊಡ್ಡದು. ಹುಳಕ್ಕೂ ಅಕ್ಕನಿಗೂ ಪೈಪೋಟಿ. ಗೆದ್ದದ್ದು ಹುಳ. ನಾವು ನಗುತ್ತಾ ಎದ್ದು ಬಂದೆವು. ನಕ್ಕದ್ದಕ್ಕೆ ಅಂಥಾ ಕಾರಣವೇನೂ ಇರಲಿಲ್ಲ. ಆ ನಗು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆಮೇಲೆ ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟರು. ನಾಗೇಂದ್ರ ಬಾವ ರೇಷ್ಮೆ ಸೀರೆ ನೇಯುವವರು, ಒಳ್ಳೆಯ ಮನುಷ್ಯ. ಅತ್ತೆಯೂ ಬಾಯಿ ಜೋರಾದರೂ ಕೈ ಧಾರಾಳ. ಅಕ್ಕನಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ಬರೆಯುವುದೊಂದು ನಿಂತಿತು. ಯಾರೂ ನಿಲ್ಲಿಸಲಿಲ್ಲ. ಯಾರಾದರೂ ಬೇಡ ಅಂದಿದ್ದರೆ ಜಗಳವಾಡಿಯಾದರೂ ಬರೆಯುತ್ತಿದ್ದಳೇನೋ.

ಇತ್ತ ನನಗೆ ಹುಚ್ಚು ಹತ್ತಿತು. ಪಕ್ಕದಲ್ಲಿ ಆ ಸದ್ದು ಇಲ್ಲದ ಮೇಲೆ ನಾನೇ ಮಾಡಿಕೊಳ್ಳೋಣ ಅಂತ ಶುರು ಮಾಡಿದ್ದು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತೆ. ಯಾವ್ಯಾವುದೋ ದೇಶದವರು ಒಂದು ಎಲೆಗೆ ವಾರಗಟ್ಟಲೆ ಬಣ್ಣ ಹಚ್ಚುವುದನ್ನು ಅನ್ನ ಆರುವವರೆಗೂ ನೋಡಿದೆ. ಒಳ್ಳೊಳ್ಳೆ ಪೆನ್ಸಿಲ್ ತರಿಸಿದೆ. ಅಂಗಡಿಗೆ ಬಂದ ರೈತರಿಗೆ ಶೇಂಗಾ ಬೀಜ ತೂಗಿ ಕೊಡುತ್ತಾ "ಈ ಗಿಡದ ಕಾಂಪೊಸಿಷನ್ ನೋಡ್ರಿ" ಅನ್ನುವ ಮಟ್ಟಕ್ಕೆ ಬಂದೆ. ಉಳ್ಳಾರ್ತಿ ಕಾವಲಿಗೆ ಸರ್ಕಾರದವರು ಹಾಕಿದ ಬೇಲಿಯ ಆಚೆ ಹುಲ್ಲು ಬೆಳ್ಳಗೆ ತೆನೆ ಬಿಟ್ಟು ಮಲಗಿ ಏಳುತ್ತಿರುತ್ತದಲ್ಲ, ಅದನ್ನು ರಸ್ತೆ ಬದಿ ಕೂತು ಬರೆಯುತ್ತಿದ್ದಾಗ ಒಬ್ಬ ಕಾವಲುಗಾರ ಬಂದು, "ಏನು ಬರೀತಿದೀಯಾ?" ಅಂದ.

"ಹುಲ್ಲು ಸರ್."

"ಹುಲ್ಲಾ? ಹುಲ್ಲಿಗೆ ಇಷ್ಟೊಂದು ಗೆರೆ ಯಾಕೆ?"

"ಗಾಳಿ ಐತಲ್ಲ ಸರ್, ಅದ್ಕೆ."

ಅವನು ಚಿತ್ರವನ್ನೂ ಹುಲ್ಲನ್ನೂ ನನ್ನನ್ನೂ ನೋಡಿ, ಮೂರರಲ್ಲೂ ಅಪಾಯವಿಲ್ಲ ಅಂತ ತೀರ್ಮಾನಿಸಿ ಹೋದ. ಮನೆಗೆ ಬಂದು ಅದೇ ಚಿತ್ರವನ್ನು ಒಳ್ಳೆಯ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಎತ್ತಿಕೊಂಡು ಬಣ್ಣ ಹಚ್ಚಿದೆ. ಗೋಡೆಗೆ ಹಾಕಿ ದೂರ ನಿಂತು ನೋಡಿದೆ. ಎಲ್ಲ ಸರಿಯಾಗಿತ್ತು. ಗಾಳಿ ನಿಂತುಹೋಗಿತ್ತು.

ನಮ್ಮ ಅಂಗಡಿಯಲ್ಲಿ ಬೀಜದ ಪೊಟ್ಟಣಗಳ ಮೇಲೆ ಈರುಳ್ಳಿಯ ಚಿತ್ರವಿರುತ್ತದೆ. ದುಂಡಗೆ, ಕೆಂಪಗೆ, ಒಂದು ಸಿಪ್ಪೆಯೂ ಸುಲಿಯದೆ ಹೊಳೆಯುವ ಈರುಳ್ಳಿ. ಅಂಥ ಈರುಳ್ಳಿಯನ್ನು ನಮ್ಮ ತಾಲೂಕಿನಲ್ಲಿ ಯಾವ ರೈತನೂ ಕಿತ್ತಿಲ್ಲ. ನನ್ನ ಮುಗಿಸಿದ ಚಿತ್ರಗಳೆಲ್ಲ ಆ ಪೊಟ್ಟಣದ ಈರುಳ್ಳಿಗಳೇ. ಆವಾಗಲೇ ಅಕ್ಕನ ಕ್ಯಾಲೆಂಡರ್ ಹಾಳೆಯನ್ನು ಮತ್ತೆ ತೆಗೆದು ನೋಡಿದ್ದು. ಅದು ಚಿತ್ರಕ್ಕೆ ಮಾಡಿಕೊಂಡ ತಯಾರಿ ಅಷ್ಟೇ, ಮುಂದೆ ಯಾವತ್ತೋ ಸರಿಯಾಗಿ ಬರೆಯೋಣ ಅಂತ ಇಟ್ಟದ್ದು. ಆದರೆ ಆ ಬೆಳಗ್ಗೆ, ಆ ಬಿಸಿಲು, ಅಕ್ಕ ತಲೆಯೆತ್ತಿ ನೋಡಿದ್ದು, ಅನುಮಾನಪಟ್ಟದ್ದು, ಮತ್ತೆ ನೋಡಿದ್ದು, ಎಲ್ಲ ಅದರಲ್ಲಿ ಇನ್ನೂ ನಡೆಯುತ್ತಲೇ ಇದೆ. ಮುಗಿಸಿದ ಚಿತ್ರ ಗಿಡ ಹೇಗಿದೆ ಅಂತ ಹೇಳುತ್ತದೆ. ಈ ಕಚ್ಚಾ ಚಿತ್ರ ಒಬ್ಬರು ಗಿಡವನ್ನು ನೋಡಿದ್ದು ಹೇಗೆ ಅಂತ ಹೇಳುತ್ತದೆ. ದೊಡ್ಡ ದೊಡ್ಡ ಮಾತು ನನಗೆ ಗೊತ್ತಿಲ್ಲ, ಆದರೆ ಚೌಕಟ್ಟು ಹಾಕಿಸುವುದಾದರೆ ನಾನು ಇದಕ್ಕೇ ಹಾಕಿಸುತ್ತೇನೆ. ಅಮಾವಾಸ್ಯೆಯ ಚುಕ್ಕೆ ಸಮೇತ.

ಅಕ್ಕ ಮತ್ತೆ ಬರೆಯಬೇಕು. ನನ್ನ ಆಸೆ ಇದೊಂದೇ ಆಗಿಬಿಟ್ಟಿತು. ಮೊಳಕಾಲ್ಮೂರಿಗೆ ಹೋದಾಗಲೆಲ್ಲ ಪೆನ್ಸಿಲ್ ಒಯ್ದೆ. ಒಂದನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಇನ್ನೊಂದರಲ್ಲಿ ಅತ್ತೆ ಪೈಜಾಮಕ್ಕೆ ಲಾಡಿ ಪೋಣಿಸಿದರು. ಫೋನಿನಲ್ಲಿ ಕೇಳಿದರೆ ಅಕ್ಕನದು ಒಂದೇ ಉತ್ತರ.

"ಕೈ ಹೋಗೈತೆ ಕಣೋ ತಿಪ್ಪಾ. ಈಗ ಗೆರೆ ಎಳುದ್ರೆ ರಂಗೋಲಿ ಆಗ್ತೈತೆ."

"ರಂಗೋಲಿನೇ ಬರಿ."

"ದಿನಾ ಬರೀತೀನಲ್ಲ, ಬಾಗ್ಲಲ್ಲಿ. ಊಟ ಮಾಡ್ದಾ?"

ಊಟದ ವಿಷಯ ಬಂತೆಂದರೆ ಅಕ್ಕನ ಮಾತು ಮುಗಿಯಿತು ಅಂತ ಅರ್ಥ.

ಆಗ ನನಗೊಂದು ಉಪಾಯ ಹೊಳೆಯಿತು. ಬಾವನ ಮಗ್ಗದಲ್ಲಿ ಸೀರೆಯ ಬುಟ್ಟಾ ನೇಯಲು ಮೊದಲು ಚೌಕಳಿ ಕಾಗದದ ಮೇಲೆ ಹೂವನ್ನು ಬರೆಯಬೇಕು. ಒಂದೊಂದು ಚೌಕವೂ ಒಂದೊಂದು ಎಳೆ. ಚೌಕ ತುಂಬಿದರೆ ಜರಿ ಮೇಲೆ ಬರುತ್ತದೆ, ಖಾಲಿ ಬಿಟ್ಟರೆ ಕೆಳಗೆ ಹೋಗುತ್ತದೆ. ಅದನ್ನು ನೋಡಿಕೊಂಡು ರಟ್ಟಿನ ಅಟ್ಟೆಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ಅಂದರೆ ಸೀರೆಗೂ ಒಂದು ಕಚ್ಚಾ ಚಿತ್ರವಿದೆ! ಅಕ್ಕನ ಎಕ್ಕವನ್ನೇ ಬುಟ್ಟಾ ಮಾಡಿಸಿ ತೋರಿಸಿದರೆ ಅವಳ ಕೈ ತಾನಾಗೇ ತುರಿಸುತ್ತದೆ ಅಂದುಕೊಂಡೆ. ಅಕ್ಕ ತಿಂಗಳ ಮಟ್ಟಿಗೆ ತವರಿಗೆ ಬಂದಿದ್ದಾಗ ನಾನು ಹಾಳೆ ಸುತ್ತಿಕೊಂಡು ಮೊಳಕಾಲ್ಮೂರಿಗೆ ಹೋದೆ.

ಬಾವ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಲೋ ಐತಲ್ಲಯ್ಯಾ ಬಾಮೈದ. ಯಾವ ಹೂವು?"

"ಎಕ್ಕ ಬಾವ."

ಒಳಗಿನಿಂದ ಅತ್ತೆ ಬಂದರು, ಗಾಬರಿಗೆ ಬಾಯಲ್ಲಿ ತೆಲುಗೇ ಬಂತು. "ಏಮಿ? ಜಿಲ್ಲೇಡು ಪೂವಾ? ಅಯ್ಯೋ ನಿನ್ ಬುದ್ಧಿಗಿಷ್ಟು! ಮನೆ ಎಕ್ಕುಟ್ಟೋಗ್ಲಿ ಅಂತ ಜನ ಬೈತಾರೆ, ನೀನು ಸೀರೆ ಮ್ಯಾಲೆ ಎಕ್ಕ ಬೆಳೆಸ್ತೀಯಾ?"

"ಆಂಜನೇಯನಿಗೆ ಏರಿಸ್ತಾರಲ್ಲತ್ತೆ."

"ಆಂಜನೇಯ ಸೀರೆ ಉಡ್ತಾನಾ?"

ಬಾವ ನಕ್ಕು, ಸೀರೆಗೆ ಬೇಡ, ಮೊದಲು ಒಂದು ರವಿಕೆ ಕಣಕ್ಕೆ ನೇಯ್ದು ನೋಡೋಣ ಅಂದರು. ಮಗ್ಗದಲ್ಲಿ ಇನ್ನೊಂದು ಸಂಗತಿಯಿದೆ, ಅದು ನನಗೆ ಗೊತ್ತಿರಲಿಲ್ಲ. ಅರ್ಧ ಬುಟ್ಟಾ ಬರೆದರೆ ಸಾಕು. ಇನ್ನರ್ಧವನ್ನು ಮಗ್ಗವೇ ಕನ್ನಡಿಯಲ್ಲಿ ಕಂಡ ಹಾಗೆ ಆಚೆ ಕಡೆ ನೇಯುತ್ತದೆ. ಬಾವ ಅಕ್ಕನ ಚಿತ್ರದ ಒಂದು ಮಗ್ಗುಲು ಮಾತ್ರ ತೆಗೆದುಕೊಂಡರು. ತೂತಿನ ಎಲೆ ಇದ್ದದ್ದು ಆ ಮಗ್ಗುಲಲ್ಲೇ. ಪಕ್ಕದ ಬರಹ ಓದದ ಬಾವ ತೂತನ್ನು ನವಿಲುಗಣ್ಣಿನಂಥ ಅಲಂಕಾರ ಅಂದುಕೊಂಡರು. ನಾನೋ, ಇದ್ದದ್ದನ್ನು ಇದ್ದಂತೆ ತೋರಿಸಬೇಕು ಅನ್ನುವ ಶಿಸ್ತಿನವನು, ಆ ಚೌಕಗಳನ್ನು ಖಾಲಿ ಬಿಟ್ಟದ್ದು ನೋಡಿ ಖುಷಿಪಟ್ಟೆ. ಕಾಗದ ಒಮ್ಮೆ ಮಗ್ಗಕ್ಕೆ ಹೋದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಅಕ್ಕ ವಾಪಸು ಹೋದ ಮೇಲೆ ಬಾವ ರವಿಕೆ ಕಣವನ್ನು ಅವಳ ಮುಂದೆ ಹರಡಿದರು. ನಾನೂ ಅಲ್ಲೇ ಇದ್ದೆ, ಆ ಗಳಿಗೆ ನೋಡಬೇಕು ಅಂತಲೇ ಅಂಗಡಿಗೆ ರಜೆ ಹಾಕಿ ಹೋಗಿದ್ದೆ. ನೇರಳೆ ರೇಷ್ಮೆಯ ಮೇಲೆ ಸಾಲುಸಾಲಾಗಿ ಜರಿಯ ಎಕ್ಕ. ಬಲಕ್ಕೊಂದು ಎಲೆ, ಎಡಕ್ಕೊಂದು ಎಲೆ. ಬಲಕ್ಕೆ ತೂತು, ಎಡಕ್ಕೆ ತೂತು. ಬುಟ್ಟಾ ಬುಟ್ಟಾಗೂ ತೂತು.

ಅಕ್ಕ ಸಾಲಿನುದ್ದಕ್ಕೂ ಒಂದೊಂದೇ ತೂತು ಎಣಿಸುತ್ತಾ ಹೋದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಂದು ಹುಳ ಇತ್ತಲ್ಲೋ ಅವತ್ತು! ಇಲ್ಲಿ ಊರಿನ ಹುಳ ಎಲ್ಲಾ ಸೇರ್ಕಂಡು ಮದುವೆ ಊಟ ಮಾಡ್ದಂಗೈತೆ!"

ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು. "ಏನು, ಹುಳ ತಿಂದಿರೋ ತೂತಾ ಇದು? ನಾನು ಕಣ್ಣು ಬುಟ್ಟಾ ಅಂದ್ಕಂಡು ಪಕ್ಕದ ಮನೆಯೋರ್ಗೆಲ್ಲ ತೋರ್ಸಿದ್ನಲ್ಲೇ!"

"ಅವ್ರೇನಂದ್ರು?" ಅಂದರು ಬಾವ.

"ಅವ್ರಿಗೂ ಬೇಕಂತೆ."

ಎಲ್ಲರೂ ನಕ್ಕೆವು. ನಗು ಮುಗಿಯುವ ಹೊತ್ತಿಗೆ ಅಕ್ಕ ಮಾತ್ರ ಬಟ್ಟೆಯನ್ನು ಮೊಣಕಾಲ ಮೇಲೆ ಎಳೆದುಕೊಂಡು ಬೆರಳಿನಿಂದ ಆ ತೂತಿನ ಅಂಚನ್ನೇ ಸವರುತ್ತಿದ್ದಳು. ಮುಖ ಬದಲಾಗಿತ್ತು.

"ಹಿಂಗಲ್ಲ ಇದು" ಅಂದಳು.

"ಎಂಗೆ ಮತ್ತೆ?" ಅಂದೆ.

"ಇದು ತಿಂದು ಮುಗಿಸಿರೋ ತೂತು ಕಣೋ. ನಾನು ಬರ್ದಿದ್ದು ಇನ್ನೂ ತಿಂತಾ ಇರೋದು. ಕಾಂಡ ನೋಡು, ಅಳತೆಕೋಲು ಇಟ್ಟು ಎಳ್ದಂಗೈತೆ. ಎಕ್ಕ ಯಾವತ್ತಾದ್ರೂ ಹಿಂಗೆ ನಿಂತ್ಕಂತೈತಾ, ಸ್ಕೂಲಲ್ಲಿ ಪ್ರಾರ್ಥನೆಗೆ ನಿಂತಂಗೆ?"

ಬಾವ ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. "ಮಗ್ಗದಾಗೆ ಅಲ್ಲಾಡೋ ಹೂವು ಎಂಗೆ ತರ್ಲಿ ರತ್ನಾ?"

"ಎಲೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಬಂದ್ರೆ ಬರ್ತೈತೆ. ಕನ್ನಡಿ ಮಾಡ್ಬ್ಯಾಡ್ರಿ. ಪೂರ್ತಿ ಹೂವು ಬರೀಬೇಕು."

"ಪೂರ್ತಿ ಬರುದ್ರೆ ಅಟ್ಟೆ ಎಲ್ಡರಷ್ಟು ಆಗ್ತಾವೆ."

"ಆಗ್ಲಿ."

"ಯಾರು ಬರೀತಾರೆ?"

ಅಕ್ಕ ಬಟ್ಟೆ ಮಡಚಿ ಬಾವನ ಕೈಗೆ ಕೊಟ್ಟಳು. ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಬಂತು, ಆಮೇಲೆ "ತಿಪ್ಪಾ, ಊಟಕ್ಕೆ ಬಾ" ಅನ್ನುವ ದನಿ. ಮುಗಿಯಿತು ಅಂದುಕೊಂಡೆ. ಚಳ್ಳಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯಾಚೆ ಎಕ್ಕದ ಗಿಡಗಳು ಒಂದಾದ ಮೇಲೊಂದು ಓಡುತ್ತಿದ್ದವು. ಅಷ್ಟೊಂದು ಎಕ್ಕ ನಮ್ಮ ದಾರಿಯಲ್ಲಿದೆ ಅಂತ ನಾನು ಅವತ್ತೇ ಕಂಡದ್ದು. ಯಾವುದನ್ನೂ ಬರೆಯಬೇಕು ಅನ್ನಿಸಲಿಲ್ಲ. ಯಾರಾದರೂ ಬರೆಯುವುದನ್ನು ನೋಡಬೇಕು ಅನ್ನಿಸಿತು.

ಮುಂದಿನ ವಾರವಿಡೀ ನಾನು ಫೋನ್ ಮಾಡಲಿಲ್ಲ. ಶನಿವಾರ ಅಕ್ಕನೇ ಮಾಡಿದಳು. ಅದೂ ಇದೂ ಮಾತಾಡಿ, "ನಾಳೆ ರಜಾ ಅಲ್ವಾ, ಬರ್ತೀಯಾ? ಮಧ್ಯಾಹ್ನದ ಊಟಕ್ಕೆ ಇಲ್ಲೇ ಇರು" ಅಂದಳು. ಯಾಕೆ ಅಂತ ಹೇಳಲಿಲ್ಲ.

ಭಾನುವಾರ ನಾನು ಹತ್ತಿದ ಬಸ್ಸು ಬೇಗ ಹೊರಟಿತು, ಬೇಗ ತಲುಪಿತು. ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡು ಅಕ್ಕನ ಮನೆಯ ಬೀದಿಗೆ ತಿರುಗಿದೆ. ಮಗ್ಗಗಳ ಟಕಟಕ ಎರಡೂ ಕಡೆಯಿಂದ ಕೇಳುತ್ತಿತ್ತು. ಅವರ ಮನೆ ಬೀದಿಯ ಕೊನೆಯದು, ಅದರಾಚೆ ಬಂಡೆಗುಡ್ಡದ ತಪ್ಪಲು. ಅತ್ತೆ ಬಾಗಿಲಲ್ಲಿ ಮೊರದಲ್ಲಿ ಶೇಂಗಾ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿದವರೇ "ಬಾರಪ್ಪಾ" ಅನ್ನಬೇಕಿತ್ತು. ಅನ್ನಲಿಲ್ಲ. ಬಾಯಿಗೆ ಬೆರಳಿಟ್ಟು, ಗುಡ್ಡದ ಕಡೆ ಗದ್ದ ತಿರುಗಿಸಿದರು.

ಕಲ್ಲಿನ ಮೇಲೆ ಅಕ್ಕ ಕೂತಿದ್ದಳು. ನನಗೆ ಬೆನ್ನು. ಮುಂದೆ ಒಂದು ಎಕ್ಕದ ಗಿಡ, ಅಷ್ಟೇನೂ ಚೆಂದವಿಲ್ಲದ್ದು, ಧೂಳು ಹಿಡಿದದ್ದು. ಮೊಣಕಾಲ ಮೇಲೆ ಬಾವನ ಚೌಕಳಿ ಕಾಗದ. ಅವಳು ಚೌಕಗಳನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ ಅಂತ ಅಷ್ಟು ದೂರದಿಂದಲೇ ಗೊತ್ತಾಗುತ್ತಿತ್ತು. ಕೈ ಇಡೀ ಹಾಳೆಯ ಮೇಲೆ ದೊಡ್ಡದಾಗಿ ಓಡುತ್ತಿತ್ತು. ಓಡಿ ನಿಲ್ಲುತ್ತಿತ್ತು. ತಲೆ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಅತ್ತೆ ಪಿಸುದನಿಯಲ್ಲಿ, "ಬೆಳಿಗ್ಗೆಯಿಂದ ಅಲ್ಲೇ ಐದಾಳೆ. ಸಾರು ನಾನೇ ಇಟ್ಟೆ" ಅಂದರು.

ನನ್ನ ಕಾಲು ಅತ್ತ ಹೊರಟಿತು. ಅಕ್ಕನ ಪಕ್ಕದ ಕಲ್ಲಿನಲ್ಲಿ ನನಗಾಗುವಷ್ಟು ಜಾಗ ಇತ್ತು. ಹೋಗಿ ಕೂತುಬಿಟ್ಟರೆ ಇಷ್ಟು ವರ್ಷ ಏನು ಬೇಕು ಬೇಕು ಅಂತ ಹಂಬಲಿಸಿದೆನೋ ಅದು ಕಿವಿಗೆ ಬೀಳುತ್ತಿತ್ತು. ಆದರೆ ನನಗೆ ನನ್ನಕ್ಕ ಗೊತ್ತು. ನನ್ನ ನೆರಳು ಬಿದ್ದರೆ ಸಾಕು, ಪೆನ್ಸಿಲ್ ಕೆಳಗಿಟ್ಟು ಎದ್ದುಬಿಡುತ್ತಾಳೆ. "ಯಾವಾಗ ಬಂದ್ಯೋ? ಬಿಸ್ಲಲ್ಲಿ ಬಂದಿದೀಯ, ಮೊದ್ಲು ನೀರು ಕುಡಿ" ಅನ್ನುತ್ತಾಳೆ. ಟೀ ಇಡುತ್ತಾಳೆ. ಊಟಕ್ಕೆ ಹಾಕುತ್ತಾಳೆ. ಆ ಗೆರೆ ಅಲ್ಲಿಗೇ ನಿಲ್ಲುತ್ತದೆ.

ನಾನು ಬಂದದ್ದು ಹೇಳಬೇಡಿ ಅಂತ ಅತ್ತೆಗೆ ಕೈಸನ್ನೆ ಮಾಡಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಕೂತು ಟೀ ಹೇಳಿದೆ. ಟೀ ಮುಗಿಯಿತು. ಗೋಡೆಯ ಮೇಲಿನ ಟೀವಿಯಲ್ಲಿ ಯಾವುದೋ ಅಡುಗೆ ಮಾಡುತ್ತಿದ್ದರು, ಅದೂ ಮುಗಿಯಿತು. ಫೋನ್ ಬಂತು. ಅಕ್ಕ.

"ಎಲ್ಲಿದೀಯೋ? ಇನ್ನೂ ಬರ್ಲಿಲ್ಲ?"

"ಬಸ್ಸು ತಡ ಆತು ಅಕ್ಕ. ಇನ್ನೂ ದಾರಿಯಾಗೆ, ಹಾನಗಲ್ ಹತ್ರ ಇದೀನಿ."

"ಹೌದಾ? ಒಳ್ಳೇದಾತು" ಅಂದಳು ಅಕ್ಕ. ಅಂದದ್ದು ತನಗೇ ಕೇಳಿಸಿರಬೇಕು, ತಡವರಿಸಿದಳು. "ಅಂದ್ರೆ... ಅವಸರ ಏನಿಲ್ಲ ಕಣೋ. ನಿಧಾನಕ್ಕೆ ಬಾ."

"ನಿಧಾನಕ್ಕೇ ಬರ್ತೀನಿ" ಅಂದೆ.

ಹೋಟೆಲ್ಲಿನವರಿಗೆ ಇನ್ನೊಂದು ಟೀ ಹೇಳಿದೆ.